ಘಟ್ಟದ ಕಸ, ಕಡಲಿನ ಪಾಲು

ಸಕಲೇಶಪುರ ತಾಲೂಕಿನ ಬಿಸಿಲೆ ಸೀಮೆಯಲ್ಲಿ, ಮಂಕನಹಳ್ಳಿಯ ಹತ್ತಿರ, ದಿಣ್ಣೆಯ ಮೇಲೆ ಒಂದು ಕಲ್ಲು ನಿಂತಿದೆ. ಅದರ ಒಂದು ಬದಿಗೆ ಬಿದ್ದ ಮಳೆ ಹೇಮಾವತಿಯನ್ನು ಸೇರಿ, ಕಾವೇರಿಯ ಜೊತೆ ತಮಿಳುನಾಡು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಬದಿಗೆ ಬಿದ್ದದ್ದು ಕುಮಾರಧಾರೆಗೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನಲ್ಲಿ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ಕರ್ನಾಟಕದ ಹೊಳೆಹಳ್ಳಗಳೆಲ್ಲ ಈ ಎರಡರಲ್ಲಿ ಒಂದು ಕಡಲಿನ ಕಡೆಗೇ ಮುಖ ಮಾಡಿವೆ. ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಇಳಿಯುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ಹರಿದದ್ದು ದಕ್ಷಿಣ ಪಿನಾಕಿನಿಗೆ. ಆ ನದಿ ಕೊನೆಗೊಳ್ಳುವುದು ತಮಿಳುನಾಡಿನ ಕಡಲೂರಿನಲ್ಲಿ. ಕಡಲನ್ನು ಒಮ್ಮೆಯೂ ನೋಡದವರು ನಮ್ಮಲ್ಲಿ ಲಕ್ಷಾಂತರ ಮಂದಿ ಇದ್ದಾರೆ. ಅವರ ಮನೆಯ ಬಚ್ಚಲಿನಿಂದ ಕಡಲಿಗೆ ದಾರಿ ಮಾತ್ರ ಇದ್ದೇ ಇದೆ.

ಸಮುದ್ರದ ಪ್ಲಾಸ್ಟಿಕ್ಕಿನ ಮಾತನ್ನು ಈ ನಕ್ಷೆಯಿಂದ ಶುರುಮಾಡುವುದಕ್ಕೆ ಕಾರಣವಿದೆ. ಕಡಲಲ್ಲಿ ಸಿಗುವ ಪ್ಲಾಸ್ಟಿಕ್ಕಿನ ಬಹುಪಾಲು ನೆಲದ ಮೇಲೆ ಬಳಸಿ ಎಸೆದದ್ದು. 2010ರ ಒಂದೇ ವರ್ಷದಲ್ಲಿ ಕರಾವಳಿ ದೇಶಗಳಿಂದ ಸಮುದ್ರಕ್ಕೆ ಸೇರಿದ ಪ್ಲಾಸ್ಟಿಕ್ 48 ಲಕ್ಷದಿಂದ 1 ಕೋಟಿ 27 ಲಕ್ಷ ಟನ್ ಇರಬಹುದು ಎಂದು ಅಮೆರಿಕದ ಸಂಶೋಧಕಿ ಜೆನ್ನಾ ಜಾಂಬೆಕ್ ಮತ್ತು ಸಂಗಡಿಗರು 2015ರಲ್ಲಿ ಲೆಕ್ಕ ಹಾಕಿದರು. ಹೀಗೆ ಸಾಗಿಸುವ ಕೆಲಸವನ್ನು ಜಗತ್ತಿನ ಹತ್ತಾರು ಮಹಾನದಿಗಳೇ ಮಾಡುತ್ತಿವೆ ಎಂಬ ನಂಬಿಕೆ ಕೆಲಕಾಲ ಇತ್ತು. 2021ರಲ್ಲಿ ಬಂದ ಇನ್ನೊಂದು ಅಧ್ಯಯನ ಅದನ್ನು ಬದಲಿಸಿತು. ನದಿಗಳಿಂದ ಬರುವ ಪ್ಲಾಸ್ಟಿಕ್ಕಿನಲ್ಲಿ ಶೇ. 80ರಷ್ಟನ್ನು ತರುವುದು ಸಾವಿರಕ್ಕೂ ಹೆಚ್ಚು ನದಿಗಳು, ಅವುಗಳಲ್ಲಿ ಊರುಗಳ ನಡುವೆ ಹರಿದು ಬೇಗನೆ ಕಡಲು ಸೇರುವ ಸಣ್ಣ ನದಿಗಳ ಪಾಲು ದೊಡ್ಡದು ಎಂದು ಅದು ತೋರಿಸಿತು.

ನಮ್ಮ ಕರಾವಳಿಯ ಹೊಳೆಗಳೆಲ್ಲ ಇಂಥವೇ. ಗುರುಪುರ, ಸ್ವರ್ಣಾ, ಸೀತಾ, ಸೌಪರ್ಣಿಕಾ, ಗಂಗಾವಳಿ, ಅಘನಾಶಿನಿ ಎಲ್ಲವೂ ಉದ್ದದಲ್ಲಿ ಚಿಕ್ಕವು, ಓಟದಲ್ಲಿ ಚುರುಕು. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಎಂಟು ತಿಂಗಳಿಂದ ತೋಡಿನ ಬದಿಯಲ್ಲಿ ಬಿದ್ದಿದ್ದ ಕಸವೆಲ್ಲ ಒಮ್ಮೆಗೇ ಎದ್ದು ಹೊರಡುತ್ತದೆ. ಕಾವೇರಿ, ಕೃಷ್ಣೆಯರ ಕತೆ ಸ್ವಲ್ಪ ಬೇರೆ. ಅಲ್ಲಿ ತೇಲಿದ್ದರಲ್ಲಿ ಬಹಳಷ್ಟು ಅಣೆಕಟ್ಟು, ನಾಲೆ, ಗದ್ದೆಗಳಲ್ಲಿ ಉಳಿದುಬಿಡುತ್ತದೆ. ಕಡಲಿಗೆ ತಲುಪಲಿಲ್ಲ ಎಂದು ಸಮಾಧಾನ ಪಡುವಂತಿಲ್ಲ. ಅದು ನಾವು ಭತ್ತ ಬೆಳೆಯುವ ಮಣ್ಣಿನಲ್ಲಿ ಸೇರಿಕೊಂಡಿರುತ್ತದೆ.

ಕಡಲಿಗೆ ಹೋದ ಮೇಲೆ ಅದಕ್ಕೆ ಏನಾಗುತ್ತದೆ? 2014ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ ಜಗತ್ತಿನ ಸಮುದ್ರಗಳ ಮೇಲ್ಮೈಯಲ್ಲಿ ತೇಲುತ್ತಿರುವುದು ಸುಮಾರು ಎರಡೂ ಮುಕ್ಕಾಲು ಲಕ್ಷ ಟನ್. ವರ್ಷಕ್ಕೆ ಲಕ್ಷಗಟ್ಟಲೆಯಲ್ಲ, ದಶಲಕ್ಷಗಟ್ಟಲೆ ಟನ್ ಒಳಗೆ ಹೋಗುತ್ತಿರುವಾಗ ಮೇಲೆ ಕಾಣುವುದು ಇಷ್ಟು ಸಣ್ಣ ಪಾಲು. ಉಳಿದದ್ದರಲ್ಲಿ ಒಂದಷ್ಟನ್ನು ಅಲೆಗಳು ದಂಡೆಗೆ ತಂದು ಹಾಕುತ್ತವೆ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್, ಪಿವಿಸಿ ಇವು ನೀರಿಗಿಂತ ಭಾರ, ತಳಕ್ಕೆ ಇಳಿಯುತ್ತವೆ. ಕೈಚೀಲದ ಪಾಲಿಥೀನ್ ಹಗುರ. ಆದರೆ ಅದರ ಮೇಲೂ ಪಾಚಿ, ಚಿಪ್ಪುಜೀವಿಗಳು ಅಂಟಿಕೊಂಡು, ಭಾರ ಹೆಚ್ಚಿಸಿ ಮುಳುಗಿಸುತ್ತವೆ. ಪೆಸಿಫಿಕ್ ಸಾಗರದ ಮರಿಯಾನಾ ಕಂದಕದಲ್ಲಿ ಸುಮಾರು 10,900 ಮೀಟರ್ ಆಳದಲ್ಲಿ ಒಂದು ಪ್ಲಾಸ್ಟಿಕ್ ಚೀಲ ಕ್ಯಾಮೆರಾಕ್ಕೆ ಸಿಕ್ಕಿದೆ. ಅಲ್ಲಿ ಬಿಸಿಲಿಲ್ಲ, ಅಲೆಯಿಲ್ಲ, ಬೆಚ್ಚನೆಯ ನೀರಿಲ್ಲ. ಪ್ಲಾಸ್ಟಿಕ್ಕನ್ನು ಬೇಗ ಒಡೆಯುವ ಯಾವುದೂ ಅಲ್ಲಿಲ್ಲ.

ಮೇಲೆ ಉಳಿದದ್ದನ್ನು ಬಿಸಿಲು ಸೀಳುತ್ತದೆ, ಅಲೆ ಪುಡಿಮಾಡುತ್ತದೆ. ಚೂರು ಎಷ್ಟು ಚಿಕ್ಕದಾದರೂ ಅದು ಪ್ಲಾಸ್ಟಿಕ್ಕೇ. ಬ್ರಿಟನ್ನಿನ ವಿಜ್ಞಾನಿ ರಿಚರ್ಡ್ ಥಾಂಪ್ಸನ್ 2004ರಲ್ಲಿ ಈ ಚೂರುಗಳನ್ನು ಮೈಕ್ರೊಪ್ಲಾಸ್ಟಿಕ್ ಎಂದು ಕರೆದ ಮೇಲೆ ಜಗತ್ತು ಅವನ್ನು ಹುಡುಕಲು ತೊಡಗಿತು. ಉಪ್ಪಿನಲ್ಲಿ ಸಿಕ್ಕಿತು, ಮೀನಿನ ಕರುಳಿನಲ್ಲಿ ಸಿಕ್ಕಿತು. 2022ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ರಕ್ತ ಪರೀಕ್ಷೆ ಮಾಡಿದ 22 ಮಂದಿಯಲ್ಲಿ 17 ಮಂದಿಯ ರಕ್ತದಲ್ಲಿ ಸಿಕ್ಕಿತು. ಬಂಗುಡೆಯನ್ನು ನಾವು ಕರುಳು ತೆಗೆದು ತಿನ್ನುತ್ತೇವೆ. ಮರುವಾಯಿ, ಬಳಚು, ಪಚ್ಚಿಲೆಗಳನ್ನು ಹಾಗೆ ತಿನ್ನುವುದಿಲ್ಲ. ಚಿಪ್ಪಿನೊಳಗಿನದನ್ನೆಲ್ಲ ಇಡಿಯಾಗಿ ತಿನ್ನುತ್ತೇವೆ. ನೀರನ್ನು ಸೋಸಿ ಬದುಕುವ ಈ ಜೀವಿಗಳು ಆ ನೀರಿನಲ್ಲಿದ್ದುದನ್ನೂ ಒಳಗೆಳೆದುಕೊಂಡಿರುತ್ತವೆ. ಹೊಳೆಯ ಅಳಿವೆ ಕೆಟ್ಟರೆ ಮೊದಲು ಕೆಡುವುದು ಅದನ್ನೇ ನಂಬಿ ಚಿಪ್ಪು ಹೆಕ್ಕುವ ಹೆಂಗಸರ ಅನ್ನ.

ಮೀನುಗಾರಿಕೆಯ ಬಲೆಗಳ ವಿಷಯವನ್ನು ಸ್ವಲ್ಪ ನಿಂತು ಹೇಳಬೇಕು. ಹಿಂದೆ ನಮ್ಮ ಕಡಲ ತೀರದ ರಂಪಣಿಯಂಥ ಬಲೆಗಳು ಹತ್ತಿ ಅಥವಾ ಸೆಣಬಿನ ನೂಲಿನವು. ಮರದ ತೊಗಟೆಯ ಚೊಗರಿನಲ್ಲಿ ಅದ್ದಿ, ಒಣಗಿಸಿ, ಕಾಪಾಡಿಕೊಳ್ಳಬೇಕಿತ್ತು. ಕಳೆದುಹೋದ ಬಲೆ ನೀರಿನಲ್ಲಿ ಕೆಲವು ತಿಂಗಳಲ್ಲಿ ಕೊಳೆತು ಹೋಗುತ್ತಿತ್ತು. ನೈಲಾನ್ ಬಂದ ಮೇಲೆ ಬಲೆ ಹಗುರವಾಯಿತು, ಗಟ್ಟಿಯಾಯಿತು, ಮೊಗವೀರರ, ಖಾರ್ವಿಗಳ ದುಡಿಮೆ ಹಗುರವಾಯಿತು. ಆದರೆ ಬಂಡೆಗೆ ಸಿಕ್ಕಿ ಹರಿದು ಉಳಿದ ನೈಲಾನ್ ಬಲೆ ಒಡೆಯನಿಲ್ಲದೆ ವರ್ಷಗಟ್ಟಲೆ ಮೀನು ಹಿಡಿಯುತ್ತಲೇ ಇರುತ್ತದೆ. ಹಾಗೆ ಸಿಕ್ಕಿ ಸತ್ತ ಮೀನು ಯಾರ ಬುಟ್ಟಿಗೂ ಬರುವುದಿಲ್ಲ. ಆಮೆ ಸಿಕ್ಕಿದರೆ ಉಸಿರಿಗೆ ಮೇಲೆ ಬರಲಾಗದೆ ಸಾಯುತ್ತದೆ. ಉತ್ತರ ಪೆಸಿಫಿಕ್ಕಿನ ದೊಡ್ಡ ಕಸದ ಸುಳಿಯನ್ನು ಅಳೆದ 2018ರ ವರದಿ ಅಲ್ಲಿನ ಒಟ್ಟು ತೂಕದಲ್ಲಿ ಶೇ. 46ರಷ್ಟು ಬಲೆಗಳೇ ಎಂದು ಹೇಳಿತು.

ಕಡಲಿನ ಪ್ಲಾಸ್ಟಿಕ್ಕಿಗೆ ಒಂದು ಉತ್ತರ ಮೀನುಗಾರಿಕೆಯ ಬಂದರಿನಿಂದಲೇ ಬಂದಿದೆ. 2017ರಲ್ಲಿ ಕೇರಳದ ಕೊಲ್ಲಂ ಬಳಿಯ ಶಕ್ತಿಕುಳಂಗರ ಬಂದರಿನಲ್ಲಿ ‘ಶುಚಿತ್ವ ಸಾಗರಂ’ ಎಂಬ ಕೆಲಸ ಶುರುವಾಯಿತು. ಟ್ರಾಲ್ ಬೋಟಿನ ಬಲೆಗೆ ಮೀನಿನ ಜೊತೆ ಪ್ಲಾಸ್ಟಿಕ್ಕೂ ಬರುತ್ತದೆ. ಮೊದಲು ಅದನ್ನು ಆರಿಸಿ ಮತ್ತೆ ನೀರಿಗೇ ಎಸೆಯುತ್ತಿದ್ದರು. ಆಮೇಲೆ ಬೋಟಿಗೊಂದು ಚೀಲ ಕೊಟ್ಟರು, ದಡಕ್ಕೆ ತಂದದ್ದನ್ನು ಬೇರ್ಪಡಿಸಿ ತೊಳೆಯುವ ಕೆಲಸ ಅಲ್ಲಿನ ಹೆಂಗಸರಿಗೆ ಸಿಕ್ಕಿತು, ಪುಡಿಮಾಡಿದ ಪ್ಲಾಸ್ಟಿಕ್ ರಸ್ತೆಯ ಡಾಂಬರಿಗೆ ಸೇರಿತು. ಯೋಜನೆಯ ಜೀವಾಳ ಬೋಟಿಗೆ ಕೊಟ್ಟ ಆ ಒಂದು ಚೀಲ ಮತ್ತು ಅದನ್ನು ದಡದಲ್ಲಿ ಇಳಿಸಿಕೊಳ್ಳಲು ಒಬ್ಬರು ಇದ್ದದ್ದು. ನಮ್ಮ ಮಲ್ಪೆ, ಗಂಗೊಳ್ಳಿ, ಕಾರವಾರದ ಬಂದರುಗಳಲ್ಲಿ ಪ್ರತಿ ಬೋಟಿಗೂ ಇಂಥ ವ್ಯವಸ್ಥೆ ಬೇಕು ಎಂದು ಕೇಳುವ ಹಕ್ಕು ಮೀನು ತಿನ್ನುವ ಎಲ್ಲರಿಗೂ ಇದೆ.

ಈಗ ಮನೆಗೆ ಬರೋಣ. ಪ್ಲಾಸ್ಟಿಕ್ಕೆಲ್ಲ ಒಂದೇ ಅಲ್ಲ ಎಂಬುದನ್ನು ನಮಗೆ ಚೆನ್ನಾಗಿ ಕಲಿಸಬಲ್ಲವರು ಗುಜರಿಯವರು. ಬಕೆಟ್, ಎಣ್ಣೆ ಕ್ಯಾನು, ನೀರಿನ ಬಾಟಲಿ, ತೊಳೆದ ಹಾಲಿನ ಪ್ಯಾಕೆಟ್ ಇವಕ್ಕೆ ಅವರು ದುಡ್ಡು ಕೊಡುತ್ತಾರೆ. ಬೆಲೆ ಇರುವುದು ಹೊಳೆಯವರೆಗೆ ಹೋಗುವುದು ಕಡಿಮೆ. ದಾರಿಯಲ್ಲೇ ಯಾರೋ ಹೆಕ್ಕುತ್ತಾರೆ. ಶಾಂಪೂ ಸ್ಯಾಶೆ, ಗುಟ್ಕಾ ಚೀಟಿ, ಚಿಪ್ಸ್ ಪ್ಯಾಕೆಟ್, ತೆಳು ಕೈಚೀಲ, ಥರ್ಮೊಕೋಲ್ ತಟ್ಟೆ ಇವನ್ನು ಯಾರೂ ಮುಟ್ಟುವುದಿಲ್ಲ. ಸ್ಯಾಶೆಯಲ್ಲಿ ಪ್ಲಾಸ್ಟಿಕ್ಕು, ಅಂಟು, ಕೆಲವದರಲ್ಲಿ ಅಲ್ಯೂಮಿನಿಯಂ ಕೂಡ ಪದರ ಪದರವಾಗಿ ಬೆಸೆದುಕೊಂಡಿರುತ್ತವೆ. ಬಿಡಿಸಲು ಬಾರದು, ತೂಕ ಏನೂ ಇಲ್ಲ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಒಲೆಗೆ ಹೋಗುತ್ತವೆ. ಕಡಲಿಗೆ ಹೋಗುವ ಕಸದ ಬಗ್ಗೆ ಒಂದೇ ನಿಯಮ ಹೇಳು ಎಂದರೆ ನಾನು ಹೇಳುವುದು ಇದು: ಗುಜರಿಯವರು ಕೊಳ್ಳದ್ದನ್ನು ನೀವೂ ಅಂಗಡಿಯಿಂದ ಕೊಳ್ಳಬೇಡಿ. ಎಲ್ಲ ಸಲ ಸಾಧ್ಯವಾಗದು. ಆದರೂ ಸಾಮಾನು ಪಟ್ಟಿ ಬರೆಯುವಾಗ ಈ ಪ್ರಶ್ನೆ ಕೇಳಿಕೊಂಡರೆ ಒಂದು ತಿಂಗಳಲ್ಲಿ ಮನೆಯ ಕಸದ ಬುಟ್ಟಿಯೇ ಬೇರೆಯಾಗುತ್ತದೆ.

ಒಂದು ರೂಪಾಯಿಯ ಸ್ಯಾಶೆ ಕೊಳ್ಳುವ ಕೂಲಿಯವರನ್ನು ದೂರುವುದು ಅನ್ಯಾಯ. ಶಾಂಪೂವನ್ನು ಸಣ್ಣ ಪೊಟ್ಟಣದಲ್ಲಿ ಮಾರುವ ರೂಢಿಗೆ ನಮ್ಮ ದೇಶದಲ್ಲಿ ನಾಂದಿ ಹಾಡಿದವರಲ್ಲಿ ಕಡಲೂರಿನ ಚಿನ್ನಿ ಕೃಷ್ಣನ್ ಮುಖ್ಯರು. ಸಿರಿವಂತರು ಬಳಸುವ ವಸ್ತು ದಿನಗೂಲಿಯವರ ಕೈಗೂ ಎಟುಕಲಿ ಎಂಬುದು ಅವರ ಆಸೆ, ಒಳ್ಳೆಯ ಆಸೆಯೇ. ಪೊಟ್ಟಣ ಖಾಲಿಯಾದ ಮೇಲೆ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಮಾತ್ರ ಆಗ ಏಳಲಿಲ್ಲ, ಇವತ್ತಿಗೂ ಬಗೆಹರಿದಿಲ್ಲ. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದ ಒಂದೇ ಬಾರಿ ಬಳಸುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಸ್ಟ್ರಾ, ಚಮಚ, ಲೋಟ, ತಟ್ಟೆಗಳಿವೆ. ಪದರದ ಪೊಟ್ಟಣಗಳು ಅದರಲ್ಲಿಲ್ಲ.

ತೀರ್ಥಕ್ಷೇತ್ರಗಳ ಸ್ನಾನಘಟ್ಟಗಳಲ್ಲಿ ಇದರ ಪರಿಣಾಮ ಕಣ್ಣಿಗೆ ರಾಚುತ್ತದೆ. ಹೊಳೆಯಲ್ಲಿ ಮಿಂದವರು ಸ್ಯಾಶೆಯನ್ನು ಮೆಟ್ಟಿಲ ಮೇಲೆ, ಉಟ್ಟ ಬಟ್ಟೆಯನ್ನು ನೀರಿನಲ್ಲಿ ಬಿಟ್ಟು ಹೋಗುತ್ತಾರೆ. ಆ ಬಟ್ಟೆ ಹಿಂದೆ ಹತ್ತಿಯದು, ಈಗ ಹೆಚ್ಚಾಗಿ ಪಾಲಿಯೆಸ್ಟರ್, ಅಂದರೆ ಅದೂ ಪ್ಲಾಸ್ಟಿಕ್. 2025ರ ಮಾರ್ಚ್‌ನಲ್ಲಿ ರಾಜ್ಯದ ಪರಿಸರ ಸಚಿವರು ಇಂಥ ಕ್ಷೇತ್ರಗಳ ನದಿ, ಕೆರೆಗಳಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಾಟ ನಿಲ್ಲಿಸಲು ಅಧಿಕಾರಿಗಳಿಗೆ ಸೂಚಿಸಿದರು. ಆದೇಶ ಒಳ್ಳೆಯದು. ಹೊಳೆಗೆ ಕಸ ಬೀಳುವುದು ನಿಲ್ಲಬೇಕಾದದ್ದು ಮಾತ್ರ ಯಾತ್ರೆಗೆ ಹೋಗುವ ನಮ್ಮಿಂದ. ದೇವರ ಹೊಳೆಗೆ ಬಟ್ಟೆ ಬಿಟ್ಟರೆ ಪಾಪ ಹೋಗುವುದಿಲ್ಲ. ಆ ಬಟ್ಟೆ ನೂಲು ನೂಲಾಗಿ ಬಿಚ್ಚಿಕೊಂಡು ಮೀನಿನ ಹೊಟ್ಟೆ ಸೇರುತ್ತದೆ.

ಇನ್ನು ಕೆಲವು ಕೆಲಸಗಳು ತೀರ ಸಣ್ಣವು, ಆದರೂ ಹೇಳಬೇಕಾದವು. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯಬೇಡಿ, ಅರ್ಧ ಸೀಳಿ ಬಿಡಿ. ಬೇರೆಯಾದ ಆ ತುಣುಕನ್ನು ಯಾವ ಗುಜರಿಯವರೂ ಹೆಕ್ಕಲಾರರು. ಮೀನು ಮಾರ್ಕೆಟ್ಟಿಗೆ ಡಬ್ಬಿ ಒಯ್ಯಿರಿ. ಮದುವೆ, ಪೂಜೆಗಳಲ್ಲಿ ಹಾಳೆ ತಟ್ಟೆ, ಬಾಳೆಲೆ ಹಾಕಿ ಅದರ ಪಕ್ಕಕ್ಕೆ ಅಂಗೈಯಗಲದ ನೀರಿನ ಬಾಟಲಿ ಇಡುವ ರೂಢಿ ಈಚೆಗೆ ಹಬ್ಬಿದೆ. ಹಂಡೆ, ಸ್ಟೀಲ್ ಲೋಟ ಸಾಲದೇ? ತೊಳೆಯುವವರಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಒಬ್ಬರಿಗೆ ಕೆಲಸವೂ ಆಯಿತು. ಪ್ಲಾಸ್ಟಿಕ್ಕನ್ನು ಬಚ್ಚಲ ಒಲೆಗೆ ಹಾಕುವುದನ್ನಂತೂ ಇಂದೇ ನಿಲ್ಲಿಸಬೇಕು. ಪಿವಿಸಿ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹೊರಬರುತ್ತದೆ, ಅದನ್ನು ಮೊದಲು ಉಸಿರಾಡುವುದು ಒಲೆ ಉರಿಸುವವರು.

ಕಡಲ ದಂಡೆ ಗುಡಿಸುವುದರಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಮುಂಬಯಿಯ ವರ್ಸೋವಾದಲ್ಲಿ ವಕೀಲ ಅಫ್ರೋಜ್ ಶಾ 2015ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಶ್ರಮದಾನದಿಂದ ಮಾರುದ್ದದ ಕಸದ ರಾಶಿಗಳು ಕರಗಿದವು. 2018ರ ಮಾರ್ಚ್‌ನಲ್ಲಿ ಅದೇ ಮರಳಿನಿಂದ ಆಲಿವ್ ರಿಡ್ಲೆ ಆಮೆಯ ಮರಿಗಳು ಕಡಲಿಗೆ ನಡೆದವು. ಗಮನಿಸಬೇಕಾದ್ದು ಅವರು ಆಮೇಲೆ ಮಾಡಿದ್ದನ್ನು. ದಂಡೆಗೆ ಕಸ ಮತ್ತೆ ಮತ್ತೆ ಬರುತ್ತಿದ್ದುದರಿಂದ ಅವರು ಮಿಠಿ ನದಿಯ ದಡಕ್ಕೆ ಹೋದರು. ನಾವೂ ಮೇಲೆ ಮೇಲೆ ಹೋಗಬೇಕು. ಕರಾವಳಿಯವರಿಗೆ ತೋಡು, ಮಲೆನಾಡಿನವರಿಗೆ ಹಳ್ಳ, ಬೆಂಗಳೂರಿನವರಿಗೆ ರಾಜಕಾಲುವೆ. ವರ್ಷವಿಡೀ ಕಸ ಹೆಕ್ಕಲು ಆಗದವರು ಏಪ್ರಿಲ್, ಮೇ ತಿಂಗಳಲ್ಲಿ ಒಂದು ಭಾನುವಾರ ಕೊಡಲಿ. ಮೊದಲ ಮಳೆಗೆ ಮುಂಚೆ ಎತ್ತಿದ ಒಂದು ಗೋಣಿ ಕಸ, ಮಳೆ ಕಳೆದು ದಂಡೆಯಲ್ಲಿ ಹೆಕ್ಕುವ ಹತ್ತು ಗೋಣಿಗಿಂತ ದೊಡ್ಡ ಉಪಕಾರ.

ಎತ್ತಿದ್ದು ಎಲ್ಲಿಗೆ ಹೋಗಬೇಕು ಎಂಬುದೇ ಮುಂದಿನ ಪ್ರಶ್ನೆ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸವನ್ನು ಬೇರ್ಪಡಿಸಬಲ್ಲ ಘಟಕವಿದೆ. ಸುತ್ತಲಿನ ಹತ್ತಾರು ಪಂಚಾಯಿತಿಗಳ ಕಸ ಅಲ್ಲಿಗೆ ಬರುತ್ತದೆ. ರಾಜ್ಯದ ಹಲವು ಹಳ್ಳಿಗಳಲ್ಲಿ ಸ್ತ್ರೀಶಕ್ತಿ, ಸಂಜೀವಿನಿ ಸಂಘಗಳ ಹೆಂಗಸರೇ ಕಸ ಒಯ್ಯುವ ಸ್ವಚ್ಛವಾಹಿನಿ ಗಾಡಿ ಓಡಿಸುತ್ತಾರೆ. ತಿಂಗಳ ಕಸದ ಶುಲ್ಕ ಕೊಡಲು ಅವರನ್ನು ಗೇಟಿನಲ್ಲಿ ನಿಲ್ಲಿಸಿ ಚೌಕಾಸಿ ಮಾಡುವುದು ತಪ್ಪು. ಹಸಿ ಕಸ ಬೆರೆಸದೆ, ತೊಳೆದು, ಒಣಗಿಸಿ ಕೊಟ್ಟ ಪ್ಲಾಸ್ಟಿಕ್ ಮಾತ್ರ ಮರುಬಳಕೆಗೆ ಹೋಗುತ್ತದೆ. 2015ರವರೆಗೆ ಜಗತ್ತಿನಲ್ಲಿ ಹುಟ್ಟಿದ ಪ್ಲಾಸ್ಟಿಕ್ ಕಸದಲ್ಲಿ ಮರುಬಳಕೆಯಾದದ್ದು ಶೇ. 9ರಷ್ಟು ಎಂಬ ಲೆಕ್ಕ ಇದೆ. ಅದು ಇಷ್ಟು ಕಡಿಮೆ ಇರುವುದಕ್ಕೆ ಬೆರಕೆ ಕಸ ಒಂದು ದೊಡ್ಡ ಕಾರಣ.

ಎಲ್ಲ ಹೊಣೆಯನ್ನೂ ಮನೆಯ ಮೇಲೆ ಹೊರಿಸಲಾಗದು. 2025ರ ಮೇ 25ರಂದು ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದಾಗ ಪ್ಲಾಸ್ಟಿಕ್ ವಸ್ತುಗಳ ಕಚ್ಚಾಮಾಲಾದ ಬಿಳಿ ಕಾಳುಗಳು ಚೀಲಗಟ್ಟಲೆ ಕೇರಳದ ತೀರಕ್ಕೆ ಬಂದು ಬಿದ್ದವು. ಮರಳಿನಿಂದ ಅವನ್ನು ಜರಡಿ ಹಿಡಿದು ತೆಗೆದವರು ಸ್ವಯಂಸೇವಕರು. ಪ್ಲಾಸ್ಟಿಕ್ ಉತ್ಪಾದನೆಗೇ ಮಿತಿ ಹಾಕಬೇಕೆಂದು ಹಲವು ದೇಶಗಳು ಪಟ್ಟು ಹಿಡಿದ ಜಾಗತಿಕ ಒಪ್ಪಂದದ ಮಾತುಕತೆ 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಒಮ್ಮತವಿಲ್ಲದೆ ಮುಗಿಯಿತು. ಇಂಥಲ್ಲಿ ಒಬ್ಬೊಬ್ಬರ ಕೈಚೀಲ ಸಾಲದು, ಒಬ್ಬೊಬ್ಬರ ಮತ ಮತ್ತು ದನಿಯೂ ಬೇಕು.

ಆ ದನಿ ಎತ್ತಲು ಜಿನೀವಾಕ್ಕೆ ಹೋಗಬೇಕಿಲ್ಲ. ನಿಮ್ಮೂರಿನ ಮುಂದಿನ ಗ್ರಾಮಸಭೆಗೋ ವಾರ್ಡ್ ಸಭೆಗೋ ಹೋಗಿ. ನಮ್ಮ ಒಣ ಕಸ ಎಲ್ಲಿಗೆ ಹೋಗುತ್ತಿದೆ, ಸಂತೆ ಮತ್ತು ಜಾತ್ರೆಯ ಕಸಕ್ಕೆ ಯಾರು ಹೊಣೆ, ಮಳೆಗೆ ಮೊದಲು ತೋಡು ಹಳ್ಳಗಳನ್ನು ಯಾವ ದಿನ ಸ್ವಚ್ಛ ಮಾಡುತ್ತೀರಿ ಎಂದು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿ. ಬರೆದದ್ದು ಆಗದಿದ್ದರೆ ಮುಂದಿನ ಸಭೆಯಲ್ಲಿ ಮತ್ತೆ ಕೇಳಿ.