ಯಾವ ಅಂಕ, ಯಾರ ತಕ್ಕಡಿ?

ಘಟಪ್ರಭೆಯ ದಂಡೆಯ ಮಸಗುಪ್ಪಿಯಲ್ಲಿ ಕಬ್ಬು ಬೆಳೆಯುವ ರೈತನಿಗೆ ಒಂದು ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಬ್ಬಿನ ಬೆಲೆಯನ್ನು ತೂಕವೊಂದೇ ತೀರ್ಮಾನಿಸುವುದಿಲ್ಲ. ಸಕ್ಕರೆಯ ಇಳುವರಿಯೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಅಂಥ ರೈತನ ಮಗಳು ಪದವಿಪೂರ್ವ ವಿಜ್ಞಾನದ ಅಂಕಪಟ್ಟಿ ಹಿಡಿದು, "ಅಪ್ಪಾ, ಇನ್ನೊಮ್ಮಿ ಪರೀಕ್ಷಾ ಬರೀಲೇನು?" ಎಂದು ಕೇಳಿದಳೆನ್ನೋಣ. ತಂದೆ ಏನು ಹೇಳಬೇಕು?

ಬಂದ ಅಂಕವನ್ನು ಹಣೆಬರಹವೆಂದು ಒಪ್ಪಿಕೊಂಡವರೇ ಹಿಂದೆ ಹೆಚ್ಚು. 2024ರಲ್ಲಿ ನಮ್ಮ ರಾಜ್ಯದಲ್ಲಿ ದ್ವಿತೀಯ ಪದವಿಪೂರ್ವ ವಾರ್ಷಿಕ ಪರೀಕ್ಷೆಯನ್ನು ಮೂರು ಬಾರಿ ನಡೆಸುವ ಏರ್ಪಾಡು ಬಂದಿತ್ತು. ಮತ್ತೆ ಬರೆದು ಅಂಕ ಕಡಿಮೆಯಾದರೆ ಹಳೆಯದು ಹೋಗುವುದಿಲ್ಲ; ಉತ್ತಮವಾದುದೇ ಉಳಿಯುತ್ತದೆ. ಆದ್ದರಿಂದ ಅಂಕದ ದೃಷ್ಟಿಯಿಂದ ಅಂಜಿಕೆ ಬೇಡ. ಖರ್ಚಾಗುವುದು ಹೊತ್ತು ಮಾತ್ರ. ಆ ಹೊತ್ತು ಎಲ್ಲಿ ಫಲ ಕೊಡುತ್ತದೆಂಬುದು ಕಾಲೇಜಿನ ತಕ್ಕಡಿಯನ್ನು ಅವಲಂಬಿಸಿದೆ.

ಇಂಜಿನಿಯರಿಂಗ್ ಪ್ರವೇಶಕ್ಕಾಗಿ 1994ರಲ್ಲಿ ಆರಂಭವಾದ ಸಿಇಟಿಯ ತಕ್ಕಡಿಗೆ ಎರಡು ತಟ್ಟೆಗಳು. ಭೌತ, ರಸಾಯನ, ಗಣಿತಗಳ ಪದವಿಪೂರ್ವ ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ. ಮೊದಲನೆಯದರಲ್ಲಿ ಶೇಕಡಾ 80, ಎರಡನೆಯದರಲ್ಲಿ ಶೇಕಡಾ 50 ಬಂದವಳಿಗೆ 40 ಮತ್ತು 25 ಸೇರಿ 65. ಪದವಿಪೂರ್ವ ಅಂಕ 90ಕ್ಕೇರಿದರೆ ಮೊತ್ತ 70. ಇಂಥವಳು ಮತ್ತೆ ಬರೆಯುವುದು ಸಾರ್ಥಕ. 2025ರಲ್ಲಿ ಸಿಇಟಿ ಏಪ್ರಿಲ್ ನಡುವಿನಲ್ಲಿ ಮುಗಿದು, ಪದವಿಪೂರ್ವದ ಎರಡನೆಯ ಪರೀಕ್ಷೆ ಆ ತಿಂಗಳ 24ರಂದು ಆರಂಭವಾಯಿತು. ಹೊಸ ಅಂಕ ರ‍್ಯಾಂಕಿನ ಲೆಕ್ಕಕ್ಕೆ ಸೇರಲು ಆಯಾ ವರ್ಷದ ಪ್ರಕಟಣೆಯನ್ನು ಓದಿ, ಹೇಳಿದ ದಿನದೊಳಗೆ ಒಪ್ಪಿಸಬೇಕು.

ವೈದ್ಯಕೀಯದ ತಕ್ಕಡಿಯೇ ಬೇರೆ. ಅಲ್ಲಿ ರ‍್ಯಾಂಕನ್ನು ತೂಗುವುದು ನೀಟ್ ಮಾತ್ರ. ಪದವಿಪೂರ್ವ ಅಂಕ ಹೊಸ್ತಿಲು ದಾಟಲು ಸಾಕಾದರೆ ಸರಿ. ಜೆಇಇ ಮೇನ್ ಅನ್ನು ಜನವರಿ, ಏಪ್ರಿಲ್ ಎರಡರಲ್ಲೂ ಬರೆದವರ ಉತ್ತಮ ಅಂಕವನ್ನು ಪರೀಕ್ಷಾ ಸಂಸ್ಥೆಯೇ ಆರಿಸಿಕೊಳ್ಳುತ್ತದೆ. ಅಮೆರಿಕದ ಸ್ಯಾಟ್ ಪರೀಕ್ಷೆಯಲ್ಲಿ ಯಾವ ಸಲದ ಅಂಕ ಕಳುಹಿಸಬೇಕೆಂಬ ಆಯ್ಕೆ 2009ರಿಂದ ವಿದ್ಯಾರ್ಥಿಯ ಕೈಯಲ್ಲಿದೆ. ಆದರೂ ಎಲ್ಲವನ್ನೂ ಕೇಳುವ ವಿಶ್ವವಿದ್ಯಾಲಯಗಳುಂಟು.

ತೂಗುವ ಕ್ರಮವೇ ಬದಲಾದರೆ ಏನಾದೀತೆಂಬುದಕ್ಕೆ 2022 ಸಾಕ್ಷಿ. ಕೊರೋನಾದ ಕಾರಣ 2021ರಲ್ಲಿ ಪರೀಕ್ಷೆಯಿಲ್ಲದೆ ಉತ್ತೀರ್ಣರಾಗಿ, ಮರುವರ್ಷ ಸಿಇಟಿ ಬರೆದವರ ಪದವಿಪೂರ್ವ ಅಂಕವನ್ನು ರ‍್ಯಾಂಕಿಗೆ ಸೇರಿಸಲಿಲ್ಲ. ಸುಮಾರು 24 ಸಾವಿರ ಮಕ್ಕಳ ಭವಿಷ್ಯ ತೂಗಾಡಿತು. ವ್ಯಾಜ್ಯ ಹೈಕೋರ್ಟಿನ ಮೆಟ್ಟಿಲೇರಿ, ಕೊನೆಗೆ ಸರಾಸರಿ 6 ಅಂಕ ಕಳೆದು ಉಳಿದುದನ್ನು ಪರಿಗಣಿಸುವ ರಾಜಿಯಾಯಿತು.

ಅಂಕದಷ್ಟೇ ತೂಕದ ಕಾಗದಗಳೂ ಇವೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲು. ಮಸಗುಪ್ಪಿಯ ಹುಡುಗಿ ಐದು ಅಂಕಕ್ಕಾಗಿ ರಾತ್ರಿಯೆಲ್ಲ ಓದಿ, ಊರ ಶಾಲೆಯ ವ್ಯಾಸಂಗ ಪ್ರಮಾಣಪತ್ರವನ್ನು ಮರೆತರೆ, ಕಬ್ಬು ಸಾಗಿಸಿ ತೂಕದ ಚೀಟಿ ಬಿಟ್ಟುಬಂದಂತೆ.

ಆದುದರಿಂದ ತಂದೆ ಮೊದಲು ಕೇಳಬೇಕಾದುದು "ಎಷ್ಟು ಬಂತು?" ಎಂದಲ್ಲ, "ಎಲ್ಲಿಗೆ ಹೊಂಟಿ, ತಂಗಿ?" ಎಂದು. ದಾರಿ ಗೊತ್ತಾದರೆ ತಕ್ಕಡಿ ಗೊತ್ತಾಗುತ್ತದೆ. ತಕ್ಕಡಿ ಗೊತ್ತಾದರೆ ಮಗಳ ಪ್ರಶ್ನೆಗೆ ಉತ್ತರ ತಾನಾಗಿ ದೊರೆಯುತ್ತದೆ.