ದೇಹದ ವಯಸ್ಸು ಹಿಂದಕ್ಕೆ ಹೋದೀತೆ?

ಹುಟ್ಟಿದ ತಾರೀಕು ಹೇಳುವ ವಯಸ್ಸು ಒಂದು, ದೇಹ ಸವೆದಿರುವ ವಯಸ್ಸು ಇನ್ನೊಂದು. ಮಳವಳ್ಳಿ ಕಡೆ ಎಪ್ಪತ್ತು ದಾಟಿಯೂ ಕಬ್ಬಿನ ಗದ್ದೆಗೆ ಇಳಿಯುವವರಿದ್ದಾರೆ, ಐವತ್ತಕ್ಕೇ ಮಂಡಿ ಹಿಡಿದು ಕೂತವರೂ ಇದ್ದಾರೆ. ಈ ಸವೆತದ ಸುಳಿವು ಡಿಎನ್‌ಎಯಲ್ಲೂ ಸಿಗುತ್ತದೆ: ವಯಸ್ಸಾದಂತೆ ಅದರ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳು ಕೆಲವೆಡೆ ಅಂಟುತ್ತವೆ, ಕೆಲವೆಡೆ ಕಳಚುತ್ತವೆ. ಅಂಥ 353 ತಾಣಗಳನ್ನು ನೋಡಿ ವಯಸ್ಸನ್ನು ಅಂದಾಜು ಮಾಡುವ ವಿಧಾನವನ್ನು 2013ರಲ್ಲಿ ಸ್ಟೀವ್ ಹಾರ್ವತ್ ಪ್ರಕಟಿಸಿದರು.

ಮುಪ್ಪನ್ನು ಹಿಂದಕ್ಕೆ ತಿರುಗಿಸುವ ಆಸೆಗೆ ಬಲ ಕೊಟ್ಟವರು ಜಪಾನಿನ ಶಿನ್ಯಾ ಯಮನಾಕ. ನಾಲ್ಕು ಜೀನ್‌ಗಳನ್ನು ಸೇರಿಸಿದರೆ ಇಲಿಯ ಬಲಿತ ಚರ್ಮಕೋಶವೂ ಯಾವ ಕೋಶವಾಗಿಯೂ ಬೆಳೆಯಬಲ್ಲ ಭ್ರೂಣದ ಕಾಂಡಕೋಶದಂತಾಗುತ್ತದೆಂದು 2006ರಲ್ಲಿ ಅವರು ತೋರಿಸಿದರು; 2012ರಲ್ಲಿ ನೊಬೆಲ್ ಬಂತು. ಅವೇ ಜೀನ್‌ಗಳನ್ನು ಆಗಾಗ ಅಲ್ಪಕಾಲ ಮಾತ್ರ ಎಚ್ಚರಿಸಿ ಅಮೆರಿಕದ ಸಾಲ್ಕ್ ಸಂಸ್ಥೆಯವರು 2016ರಲ್ಲಿ ಅಕಾಲ ಮುಪ್ಪಿನ ಇಲಿಗಳ ಆಯಸ್ಸು ಹೆಚ್ಚಿಸಿದರು. ಅವಧಿ ಮೀರಿದರೆ ಕೋಶ ತನ್ನ ಕೆಲಸವನ್ನೇ ಮರೆತು ಗಡ್ಡೆಯಾಗಬಹುದು. ಮನುಷ್ಯನ ಮುಪ್ಪನ್ನು ಹಿಂದಕ್ಕೆ ತಿರುಗಿಸುತ್ತದೆಂದು ಸಾಬೀತಾದ ಚಿಕಿತ್ಸೆ ಇನ್ನೂ ಒಂದೂ ಇಲ್ಲ.

ಕರ್ನಾಟಕದ ಕೆಲಸ ಇದಕ್ಕಿಂತ ಒಂದು ಹೆಜ್ಜೆ ಹಿಂದಿನದು, ಅಷ್ಟೇ ಮುಖ್ಯವಾದದ್ದು. ಪಾಶ್ಚಾತ್ಯರ ರಕ್ತದಿಂದ ಗೊತ್ತುಮಾಡಿದ ಅಳತೆಗಳು ನಮ್ಮ ಊಟ, ದುಡಿಮೆ, ಸೋಂಕುಗಳ ನಡುವೆ ಬೆಳೆದ ದೇಹಕ್ಕೆ ಹಾಗೇ ಹೊಂದುತ್ತವೆ ಎನ್ನಲಾಗದು. ಹೀಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ‘ಲಾಂಜೆವಿಟಿ ಇಂಡಿಯಾ’ ಯೋಜನೆಯಡಿ ‘ಭಾರತ್’ ಅಧ್ಯಯನ ಕೈಗೊಂಡಿದೆ. ಆರೋಗ್ಯವಂತ ಭಾರತೀಯರ ದೇಹ ಹೇಗೆ ಹಣ್ಣಾಗುತ್ತದೆ ಎಂಬುದರ ಗುರುತುಗಳನ್ನು ಅದು ಹುಡುಕುತ್ತಿದೆ. ಅದೇ ಆವರಣದ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದೆ. ನೆನಪಿನ ಪರೀಕ್ಷೆ, ರಕ್ತ ಪರೀಕ್ಷೆ, ಮಿದುಳಿನ ಎಂಆರ್‌ಐ ಎಲ್ಲವೂ ಅದರಲ್ಲಿವೆ. ಓದು ಬಾರದವರನ್ನೂ ಬಿಡದೆ ಪರೀಕ್ಷಿಸುವ ಇಂಥ ತಾಳ್ಮೆಯ ಲೆಕ್ಕವಿಲ್ಲದೆ ಯಾವ ಔಷಧ ಯಾರಿಗೆ ಫಲಿಸಿತೆಂದು ಹೇಳಲು ಆಗುವುದಿಲ್ಲ.

ಬಿಪಿ, ಶುಗರ್ ಹಿಡಿತದಲ್ಲಿಡುವುದು, ಬೀಡಿ, ಹೊಗೆಸೊಪ್ಪು ಬಿಡುವುದು, ದಿನಾ ನಡೆಯುವುದು ಮುಪ್ಪಿನ ಕಾಯಿಲೆಗಳನ್ನು ದೂರವಿಡುತ್ತವೆ; ಇದಕ್ಕೆ ಪುರಾವೆ ಗಟ್ಟಿಯಾಗಿದೆ. ಯೌವನ ಮರಳಿಸುತ್ತೇವೆಂದು ಕಾಂಡಕೋಶದ ಇಂಜೆಕ್ಷನ್ ಮಾರುವವರ ಬಳಿ ಅದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಿಗಿರುವಂಥ ಅನುಮೋದಿತ ಚಿಕಿತ್ಸೆಗಳನ್ನು ಬಿಟ್ಟರೆ ಕಾಂಡಕೋಶದ ಬಳಕೆ ಕ್ಲಿನಿಕಲ್ ಟ್ರಯಲ್‌ಗೆ ಮಾತ್ರ ಸೀಮಿತ. ಹೊಲ ಅಡವಿಟ್ಟು ಹಣ ಕಟ್ಟುವ ಮೊದಲು ಆ ಟ್ರಯಲ್‌ನ ನೋಂದಣಿ ಸಂಖ್ಯೆ ಕೇಳಿ.