ಕೀಲಿಕೈ ಕಳೆದ ಕಂಪ್ಯೂಟರು: ಮರೆತ ಪಾಸ್‌ವರ್ಡಿಗೆ ದಾರಿ ಯಾವುದು?



ಅಡಿಕೆ ಗೋದಾಮಿನ ಕೀಲಿಕೈ ಕಳೆದುಹೋದರೆ ನಾವಾರೂ ಗೋದಾಮನ್ನು ಕೆಡವುವುದಿಲ್ಲ. ಬೀಗ ರಿಪೇರಿಯವನನ್ನು ಕರೆಸುತ್ತೇವೆ, ಇಲ್ಲವೇ ಬೀಗ ಒಡೆಯುತ್ತೇವೆ. ಒಳಗಿನ ಮಾಲಿಗೆ ಧಕ್ಕೆಯಾಗದಂತೆ ನೋಡಿಕೊಳ್ಳುತ್ತೇವೆ. ಆದರೆ ಕಂಪ್ಯೂಟರಿನ ಪಾಸ್‌ವರ್ಡ್ ಮರೆತಾಗ ಮಾತ್ರ "ಎಲ್ಲ ಅಳಿಸಿ ಹೊಸದಾಗಿ ಹಾಕೋಣ" ಎಂದು ಯಾರಾದರೂ ಹೇಳಿದರೆ ಸುಲಭವಾಗಿ ತಲೆಯಾಡಿಸಿಬಿಡುತ್ತೇವೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ! 2025ರ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ನಮ್ಮ ಸಂಘದ ಕಚೇರಿಯಲ್ಲಿಯೇ ಇಂಥ ಪ್ರಸಂಗ ಒದಗಿ, ಸ್ವಲ್ಪದರಲ್ಲಿ ಅನಾಹುತ ತಪ್ಪಿತು. ಅದರಿಂದ ನಾವು ಕಲಿತುದನ್ನು ಸದಸ್ಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಡೆದದ್ದೇನು?

ಕಚೇರಿಯ ಕಂಪ್ಯೂಟರಿನಲ್ಲಿ ಎರಡು ಖಾತೆಗಳಿದ್ದವು. ಒಂದು ದಿನನಿತ್ಯದ ಕೆಲಸಕ್ಕೆ. ಇನ್ನೊಂದು ಅಡ್ಮಿನಿಸ್ಟ್ರೇಟರ್ ಖಾತೆ, ಅಂದರೆ ಯಂತ್ರದ ಯಜಮಾನಿಕೆಯ ಖಾತೆ. ಹೊಸ ತಂತ್ರಾಂಶ ಹಾಕುವುದಕ್ಕೆ, ಇತರರ ಪಾಸ್‌ವರ್ಡ್ ಬದಲಿಸುವುದಕ್ಕೆ ಈ ಎರಡನೆಯದೇ ಬೇಕು. ಅದನ್ನು ಏರ್ಪಡಿಸಿದ್ದ ನಮ್ಮ ಹಿರಿಯ ಗುಮಾಸ್ತರು 2024ರ ಡಿಸೆಂಬರ್ ಕೊನೆಗೆ ನಿವೃತ್ತರಾದರು. ತಿಜೋರಿಯ ಕೀಲಿ, ಮೊಹರು, ರಸೀದಿ ಪುಸ್ತಕ, ತೂಕದ ಕಲ್ಲು, ಎಲ್ಲವನ್ನೂ ಪ್ರಭಾರ ಪಟ್ಟಿಯಲ್ಲಿ ಬರೆದು ರುಜು ಪಡೆದೆವು. ಪಾಸ್‌ವರ್ಡನ್ನು ನಾವು ಕೇಳಲಿಲ್ಲ, ಅವರಿಗೂ ಹೇಳಬೇಕೆಂದು ತೋಚಲಿಲ್ಲ. ಮೂರು ತಿಂಗಳು ಯಾವ ತೊಂದರೆಯೂ ಕಾಣಲಿಲ್ಲ.

ವರ್ಷಾಂತ್ಯದ ಲೆಕ್ಕ ಮುಗಿಸುವ ಹೊತ್ತಿಗೆ ಲೆಕ್ಕದ ತಂತ್ರಾಂಶವನ್ನು ನವೀಕರಿಸಬೇಕಾಗಿ ಬಂತು. ಆಗ ಪರದೆಯ ಮೇಲೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೊಡಿ ಎಂಬ ಪ್ರಶ್ನೆ. ಗುಮಾಸ್ತರಿಗೆ ಫೋನ್ ಮಾಡಿದರೆ, "ಸಾರ್, ಅದನ್ನು ಬಳಸಿ ವರ್ಷಗಳೇ ಆದವು. ಏನಿಟ್ಟಿದ್ದೆನೋ ಮರೆತೇಹೋಗಿದೆ" ಎಂದು ನೊಂದುಕೊಂಡರು. ರಿಪೇರಿಗೆ ಬಂದ ಹುಡುಗ, "ಫಾರ್ಮ್ಯಾಟ್ ಮಾಡಿಬಿಡೋಣ, ಅರ್ಧ ದಿನದ ಕೆಲಸ" ಎಂದ. ನಾವೂ ಹೂಂ ಎನ್ನುವವರಿದ್ದೆವು. ಅಷ್ಟರಲ್ಲಿ ತಿಜೋರಿಯಲ್ಲಿದ್ದ ಪೆನ್‌ಡ್ರೈವನ್ನು ತೆಗೆದು ನೋಡಿದರೆ, ಅದರಲ್ಲಿದ್ದ ಕೊನೆಯ ಪ್ರತಿ ನವೆಂಬರ್ ತಿಂಗಳದ್ದು! ನವೆಂಬರಿನಿಂದ ಮಾರ್ಚಿನವರೆಗೆ ಎಂದರೆ ಅಡಿಕೆಯೂ ಕಾಫಿಯೂ ಕೊಯ್ಲಾಗಿ ಬರುವ ಕಾಲ. ಸದಸ್ಯರು ತಂದ ಮಾಲಿನ ತೂಕ, ಕೊಟ್ಟ ಮುಂಗಡ, ಗೊಬ್ಬರದ ಸಾಲಕ್ಕೆ ಮುರಿದುಕೊಂಡ ಹಣ, ಎಲ್ಲವೂ ಆ ಯಂತ್ರದೊಳಗೆ. ರಸೀದಿಗಳ ಕಾರ್ಬನ್ ಪ್ರತಿಯಿಂದ ಮತ್ತೆ ಬರೆಯುವುದೆಂದರೆ ತಿಂಗಳುಗಟ್ಟಲೆ ಕೆಲಸ.

ಹುಡುಗನಿಗೆ ಕಾಫಿ ಕೊಟ್ಟು ಕಳುಹಿಸಿದೆವು. ದಿನನಿತ್ಯದ ಖಾತೆ ತೆರೆಯುತ್ತಿದ್ದುದರಿಂದ ಮೊದಲು ಲೆಕ್ಕವನ್ನೆಲ್ಲ ಎರಡು ಪೆನ್‌ಡ್ರೈವುಗಳಿಗೆ ನಕಲು ಮಾಡಿದೆವು. ಬಳಿಕ ಅಡ್ಮಿನಿಸ್ಟ್ರೇಟರ್ ಖಾತೆಗೆ ಒಂದು ತಪ್ಪು ಪಾಸ್‌ವರ್ಡ್ ಕೊಟ್ಟೆವು. ಕೆಳಗೆ "ರೀಸೆಟ್ ಪಾಸ್‌ವರ್ಡ್" ಎಂಬ ಸಾಲು ಕಾಣಿಸಿಕೊಂಡಿತು. ಒತ್ತಿದಾಗ ಮೂರು ಪ್ರಶ್ನೆಗಳು: ಹುಟ್ಟಿದ ಊರು, ಓದಿದ ಮೊದಲ ಶಾಲೆ, ಬಾಲ್ಯದ ಅಡ್ಡಹೆಸರು. ಗುಮಾಸ್ತರು ಫೋನಿನಲ್ಲಿಯೇ ಉತ್ತರ ಹೇಳಿದರು. ಶಾಲೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಂದು "ಎಲ್" ಹಾಕಿದ್ದರೋ ಎರಡೋ ಎಂಬುದರಲ್ಲಿಯೇ ಅರ್ಧ ಗಂಟೆ ಕಳೆಯಿತು. ಎರಡಿತ್ತು. ಬಾಗಿಲು ತೆರೆಯಿತು.

ಹಳೆಯ ಪಾಸ್‌ವರ್ಡನ್ನು ಓದಿ ಹೇಳಲಾಗದೇ?

"ಕಂಪ್ಯೂಟರಿಗೇ ಗೊತ್ತಿದೆಯಲ್ಲ, ಅದರಿಂದಲೇ ತೆಗೆಸಿ" ಎಂದು ಕೆಲವರು ಹೇಳುವುದುಂಟು. ಹಿಂದೆ ಹಾಗೆಯೇ ಇತ್ತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಅನೇಕರು ಹಂಚಿಕೊಂಡು ಬಳಸುವ ಕಂಪ್ಯೂಟರಿಗೆ ಪಾಸ್‌ವರ್ಡ್ ಏರ್ಪಡಿಸಿದಾಗ ಅವನ್ನೆಲ್ಲ ಇದ್ದದ್ದಿದ್ದಂತೆಯೇ ಒಂದು ಕಡತದಲ್ಲಿ ಬರೆದಿಡುತ್ತಿದ್ದರು. 1962ರಲ್ಲಿ ತಮಗೆ ಹೆಚ್ಚು ಸಮಯ ಬೇಕೆಂದು ಅಲ್ಲಿನ ಸಂಶೋಧಕರೊಬ್ಬರು ಆ ಕಡತವನ್ನೇ ಮುದ್ರಿಸಿ ತೆಗೆದುಕೊಂಡರು!

ಈಗಿನ ಯಂತ್ರ ಪಾಸ್‌ವರ್ಡನ್ನು ಇಟ್ಟುಕೊಳ್ಳುವುದಿಲ್ಲ. ಅದನ್ನು ಗಣಿತದ ಕ್ರಮದಲ್ಲಿ ಅರೆದು, ಬಂದ ಪುಡಿಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಕಾಫಿ ಬೀಜವನ್ನು ಪುಡಿ ಮಾಡಬಹುದು, ಪುಡಿಯಿಂದ ಬೀಜವನ್ನು ಮತ್ತೆ ಪಡೆಯಲಾಗದು. ನೀವು ಪಾಸ್‌ವರ್ಡ್ ಕೊಟ್ಟಾಗ ಅದನ್ನೂ ಹಾಗೆಯೇ ಅರೆದು, ಎರಡು ಪುಡಿಗಳೂ ಒಂದೇ ಆದರೆ ಒಳಗೆ ಬಿಡುತ್ತದೆ. ಆದುದರಿಂದ ತೀರ ಸುಲಭದ ಪದವನ್ನು ಊಹಿಸಿ ಹಿಡಿಯಬಹುದೇ ಹೊರತು, ಹಳೆಯದನ್ನು ಓದಿ ಹೇಳುವುದು ಸಾಧ್ಯವಿಲ್ಲ. ಹೊಸದನ್ನು ಇಡುವುದೊಂದೇ ದಾರಿ.

ಬಾಗಿಲ ಬೀಗ, ತಿಜೋರಿಯ ಬೀಗ

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದದ್ದು, ಬೀಗದಲ್ಲಿ ಎರಡು ಬಗೆ. ಬರೀ ಪಾಸ್‌ವರ್ಡ್ ಎಂಬುದು ಬಾಗಿಲ ಬೀಗ. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಒಳಗಿನ ಕಡತಗಳನ್ನು ಓದಬಹುದು. ಮರೆತವರಿಗೆ ಇದು ಅನುಕೂಲ; ಆದರೆ ಅದೇ ಅನುಕೂಲ ಕಳ್ಳನಿಗೂ ಇದೆ.

ಎರಡನೆಯದು ಡಿಸ್ಕನ್ನೇ ಗೂಢಲಿಪಿಗೆ ತಿರುಗಿಸುವ ಬಿಟ್‌ಲಾಕರ್ ಎಂಬ ವ್ಯವಸ್ಥೆ. ಇದು ತಿಜೋರಿ. ಇದರ ತುರ್ತು ಕೀಲಿ 48 ಅಂಕಿಗಳ ಒಂದು ಸಂಖ್ಯೆ. ಆ ಸಂಖ್ಯೆ ಬೇಕಾದಾಗ ಇಲ್ಲವಾದರೆ ರಿಪೇರಿಯವನಿರಲಿ, ತಯಾರಿಸಿದ ಮೈಕ್ರೋಸಾಫ್ಟ್ ಕಂಪೆನಿಯೇ ತೆರೆದುಕೊಡಲಾರದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುದರಿಂದ ಅನೇಕರು ಹೊಸ ಯಂತ್ರ ಕೊಂಡಿದ್ದೀರಿ. ವಿಂಡೋಸ್ 11ರ ಹೊಸ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಈ ತಿಜೋರಿ ಬೀಗ ಸಾಮಾನ್ಯವಾಗಿ ತಾನೇ ಬೀಳುತ್ತದೆ. ಬಿದ್ದಿರುವುದು ಮನೆಯವರಿಗೆ ಗೊತ್ತೇ ಇರುವುದಿಲ್ಲ.

2025ರ ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರಿಗೆ ಹೀಗೆಯೇ ಆಯಿತು. ಪಾಸ್‌ವರ್ಡ್ ಮರೆತ ಲ್ಯಾಪ್‌ಟಾಪನ್ನು ರಿಪೇರಿಗೆ ಕೊಟ್ಟಾಗ, ಅಲ್ಲಿ ಪೆನ್‌ಡ್ರೈವಿನಿಂದ ಚಾಲೂ ಮಾಡಲು ಏನೇನೋ ಬದಲಿಸಿದರು. ನೀಲಿ ಪರದೆ ಬಂದು 48 ಅಂಕಿಗಳ ಕೀಲಿ ಕೇಳಿತು. ತೋಟದ ಹತ್ತು ವರ್ಷದ ಲೆಕ್ಕ, ಪಾಲುಪತ್ರದ ನಕಲು, ತೀರಿಹೋದ ತಾಯಿಯವರ ಫೋಟೋಗಳು ಅದರಲ್ಲಿದ್ದವು. ಪುಣ್ಯಕ್ಕೆ ಆ ಯಂತ್ರವನ್ನು ಬೆಂಗಳೂರಿನಲ್ಲಿರುವ ಮಗ ತನ್ನ ಖಾತೆಯಲ್ಲಿ ಏರ್ಪಡಿಸಿದ್ದ. ಆತ ತನ್ನ ಮೈಕ್ರೋಸಾಫ್ಟ್ ಖಾತೆಯನ್ನು ತೆರೆದು, ಅಲ್ಲಿ ಜಮೆಯಾಗಿದ್ದ ಸಂಖ್ಯೆಯನ್ನು ಆರಾರು ಅಂಕಿಗಳಂತೆ ಎಂಟು ಕಂತಿನಲ್ಲಿ ಫೋನಿನಲ್ಲಿ ಓದಿದ, ತಂದೆ ಬರೆದುಕೊಂಡರು. ಆ ಮಗನ ಖಾತೆಯೇ ಸಿಗದೆ ಹೋಗಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು.

ಮರೆತಾಗ ಅನುಸರಿಸಬೇಕಾದ ಕ್ರಮ

1. ಮೊದಲು ಕೀಲಿಮಣೆ ನೋಡಿ. ಕ್ಯಾಪ್ಸ್ ಲಾಕ್ ಒತ್ತಿದೆಯೇ? ಭಾಷೆ ಕನ್ನಡಕ್ಕೆ ತಿರುಗಿದೆಯೇ? ಎಷ್ಟೋ ಸಲ ಪಾಸ್‌ವರ್ಡ್ ಸರಿಯಾಗಿಯೇ ಇದ್ದು ಕೀಲಿಮಣೆ ತಪ್ಪಿರುತ್ತದೆ. ಸುಮ್ಮನೆ ಒತ್ತುತ್ತಾ ಹೋಗಬೇಡಿ. ಈಚಿನ ವಿಂಡೋಸ್ 11ರಲ್ಲಿ ಹತ್ತು ಸಲ ತಪ್ಪಿದರೆ ಹತ್ತು ನಿಮಿಷ ಖಾತೆ ಮುಚ್ಚುತ್ತದೆ. ಗಾಬರಿಯಾಗದೆ ಕಾಯಿರಿ.

2. ಒಳಹೋಗಲು ಬಳಸುತ್ತಿದ್ದುದು ಇ-ಮೇಲ್ ವಿಳಾಸದ ಮೈಕ್ರೋಸಾಫ್ಟ್ ಖಾತೆಯಾದರೆ, ಪಾಸ್‌ವರ್ಡನ್ನು ಮೊಬೈಲಿನಿಂದಲೇ ಬದಲಿಸಬಹುದು. ನೋಂದಾಯಿಸಿದ ಫೋನ್ ಸಂಖ್ಯೆಗೆ ಅಥವಾ ಬೇರೆ ಇ-ಮೇಲಿಗೆ ಸಂಕೇತ ಬರುತ್ತದೆ. ಹೊಸದನ್ನು ಒಪ್ಪಿಕೊಳ್ಳಲು ಕಂಪ್ಯೂಟರಿಗೆ ಇಂಟರ್ನೆಟ್ ಸಂಪರ್ಕವಿರಬೇಕು.

3. ಆ ಯಂತ್ರಕ್ಕೆ ಮಾತ್ರ ಸೀಮಿತವಾದ ಖಾತೆಯಾದರೆ, ನಾವು ಮಾಡಿದಂತೆ ಮೂರು ಪ್ರಶ್ನೆಗಳ ದಾರಿಯಿದೆ. ಇದು ವಿಂಡೋಸ್ 10ರಲ್ಲಿ 2018ರಿಂದ ಬಂದಿದೆ. ಮುಂಚೆಯೇ ಪಾಸ್‌ವರ್ಡ್ ರೀಸೆಟ್ ಡಿಸ್ಕ್ ಮಾಡಿಟ್ಟುಕೊಂಡಿದ್ದರೆ ಅದೂ ಆಗುತ್ತದೆ.

4. ಯಂತ್ರದಲ್ಲಿ ಇನ್ನೊಂದು ಅಡ್ಮಿನಿಸ್ಟ್ರೇಟರ್ ಖಾತೆ ಇದ್ದರೆ, ಅದರಿಂದ ಮರೆತ ಖಾತೆಗೆ ಹೊಸ ಪಾಸ್‌ವರ್ಡ್ ಇಡಬಹುದು. ಆದರೆ ಆ ಖಾತೆಯಲ್ಲಿ ವಿಂಡೋಸ್‌ನಿಂದಲೇ ಗೂಢಲಿಪಿ ಮಾಡಿಟ್ಟ ಕಡತಗಳು, ನೆನಪಿನಲ್ಲಿಡಿಸಿದ್ದ ಕೆಲವು ಪಾಸ್‌ವರ್ಡುಗಳು ಕೈಬಿಟ್ಟುಹೋಗಬಹುದು.

5. ಇದಾವುದೂ ಆಗದಿದ್ದರೆ ಮೊದಲು ಕಡತಗಳನ್ನು ಹೊರತೆಗೆಸಿ, ಪ್ರತಿ ತೆರೆಯುತ್ತದೆಂದು ಕಣ್ಣಾರೆ ನೋಡಿ. ಫಾರ್ಮ್ಯಾಟ್ ಮಾತು ಅನಂತರ. ಬಿಟ್‌ಲಾಕರ್ ಇದ್ದರೆ 48 ಅಂಕಿಗಳು ಕೈಗೆ ಬರುವವರೆಗೆ ಯಂತ್ರವನ್ನು ಯಾರಿಗೂ ಮುಟ್ಟಗೊಡಬೇಡಿ.

ಒಂದು ಎಚ್ಚರಿಕೆ. ಪಾಸ್‌ವರ್ಡ್ ಮುರಿಯುವ ಉಚಿತ ತಂತ್ರಾಂಶವೆಂದು ಸಿಕ್ಕಸಿಕ್ಕಲ್ಲಿಂದ ಇಳಿಸಿಕೊಂಡರೆ ಅದರೊಡನೆ ವೈರಸ್ಸೂ ಬರಬಹುದು. ಅಲ್ಲದೆ, ಇಲ್ಲಿ ಹೇಳಿದುದೆಲ್ಲ ನಮ್ಮ ನಮ್ಮ ಯಂತ್ರಕ್ಕೆ ಮಾತ್ರ. ಇನ್ನೊಬ್ಬರ ಕಂಪ್ಯೂಟರನ್ನು ಅವರ ಒಪ್ಪಿಗೆಯಿಲ್ಲದೆ ದುರುದ್ದೇಶದಿಂದ ತೆರೆಯುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ ಶಿಕ್ಷಾರ್ಹ. ರಿಪೇರಿಗೆ ಕೊಡುವಾಗ ಜೊತೆಗೆ ಒಬ್ಬರು ಕುಳಿತಿರುವುದು ಲೇಸು. ಅದರಲ್ಲಿರುವುದು ನಮ್ಮದಷ್ಟೇ ಲೆಕ್ಕವಲ್ಲ.

ಸಂಘದಲ್ಲಿ ಮಾಡಿಕೊಂಡ ವ್ಯವಸ್ಥೆ

ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬಂತಾಗಬಾರದೆಂದು ಆಡಳಿತ ಮಂಡಳಿಯ ಸಭೆಯಲ್ಲಿ ವಿಷಯವಿಟ್ಟು ನಡವಳಿ ಪುಸ್ತಕದಲ್ಲಿ ಬರೆಸಿದೆವು. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಮತ್ತು 48 ಅಂಕಿಗಳ ಕೀಲಿಯನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಅರಗು ಹಾಕಿ, ಅಧ್ಯಕ್ಷರೂ ಕಾರ್ಯದರ್ಶಿಯೂ ರುಜು ಮಾಡಿ ತಿಜೋರಿಯಲ್ಲಿಡುವುದು. ನಮ್ಮ ತಿಜೋರಿಗೆ ಎರಡು ಕೀಲಿಗಳಿದ್ದು ಇಬ್ಬರು ಸೇರದೆ ತೆರೆಯದಿರುವಂತೆ, ಈ ಲಕೋಟೆಯನ್ನೂ ಇಬ್ಬರು ಸೇರಿಯೇ ಒಡೆಯುವುದು. ಯಂತ್ರದಲ್ಲಿ ಎರಡನೆಯ ಅಡ್ಮಿನಿಸ್ಟ್ರೇಟರ್ ಖಾತೆಯಿರುವುದು. ಪ್ರತಿ ಶನಿವಾರ ಲೆಕ್ಕದ ನಕಲು ತೆಗೆದು, ಒಂದನ್ನು ತಿಜೋರಿಯಲ್ಲೂ ಇನ್ನೊಂದನ್ನು ಬೇರೆ ಕಟ್ಟಡದಲ್ಲೂ ಇಡುವುದು. ಪ್ರಭಾರ ಪಟ್ಟಿಗೆ ಪಾಸ್‌ವರ್ಡಿನ ಸಾಲನ್ನೂ ಸೇರಿಸುವುದು. ಇದಕ್ಕೆ ತಗುಲಿದ ಖರ್ಚು ಎರಡು ಪೆನ್‌ಡ್ರೈವು ಮತ್ತು ಒಂದು ಲಕೋಟೆ.

ಸದಸ್ಯರ ಮನೆಗೂ ಇದೇ ಮಾತು. ತೋಟದ ಲೆಕ್ಕ ಈಗ ಅನೇಕ ಮನೆಗಳಲ್ಲಿ ಕಂಪ್ಯೂಟರಿನಲ್ಲಿದೆ. ಅದರ ಕೀಲಿ ಮಾತ್ರ ಯಜಮಾನರ ತಲೆಯಲ್ಲಿ, ಇಲ್ಲವೇ ದೂರದೂರಿನ ಮಗನ ತಲೆಯಲ್ಲಿದೆ. ನಾಳೆ ಆ ಒಬ್ಬರಿಗೆ ಏನಾದರೂ ಆದರೆ ಮನೆಯವರು ಕಷ್ಟದ ಮೇಲೆ ಕಷ್ಟ ಪಡಬೇಕಾಗುತ್ತದೆ. ಜಮೀನಿನ ಪತ್ರವಿಟ್ಟ ಪೆಟ್ಟಿಗೆಯಲ್ಲಿಯೇ ಈ ಕಾಗದವನ್ನೂ ಇಡಿ; ಎಲ್ಲಿದೆಯೆಂದು ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿಡಿ. ಬಿಟ್‌ಲಾಕರ್ ಇದೆಯೇ ಇಲ್ಲವೇ ತಿಳಿಯದವರು ಸಂಘದ ಕಚೇರಿಯ ಕೆಲಸದ ವೇಳೆಯಲ್ಲಿ ಯಂತ್ರವನ್ನು ತಂದರೆ ನೋಡಿ ಹೇಳುತ್ತೇವೆ. ಪಾಸ್‌ವರ್ಡನ್ನು ಮಾತ್ರ ನಮಗೆ ಹೇಳಬೇಡಿ. ನೀವೇ ಒತ್ತಿ, ನೀವೇ ಬರೆದಿಟ್ಟುಕೊಳ್ಳಿ.